ಚಳಿಗಾಲದಲ್ಲಿ ಗರ್ಭಿಣಿಯರು: ಮುಚ್ಚಿದ ಕಿಟಕಿಯೇ ಅಪಾಯ

ಡಿಸೆಂಬರ್-ಜನವರಿಯಲ್ಲಿ ಬೀದರ್, ವಿಜಯಪುರದ ಕಡೆ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಚಳಿ ಬಿದ್ದೊಡನೆ ಕಿಟಕಿ-ಬಾಗಿಲು ಮುಚ್ಚಿ ಗರ್ಭಿಣಿಯನ್ನು ಬೆಚ್ಚಗೆ ಕೂರಿಸುವುದು ಹಿರಿಯರ ವಾಡಿಕೆ. ಕಾಳಜಿಯೇನೋ ಮೆಚ್ಚತಕ್ಕದ್ದೇ. ಆದರೆ ನಮ್ಮ ನಾಡಿನ ಚಳಿಗಿಂತ ಗಾಳಿಯಾಡದ ಕೋಣೆಯೇ ಹೆಚ್ಚು ಅಪಾಯಕಾರಿ.

ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರ್, ಮಲಗುವ ಕೋಣೆಯಲ್ಲಿಟ್ಟ ಕೆಂಡದ ಅಗ್ಗಿಷ್ಟಿಕೆ ಇವೆರಡೂ ಕಾರ್ಬನ್ ಮೊನಾಕ್ಸೈಡ್ ಉಗುಳಬಲ್ಲವು. ಬಣ್ಣ, ವಾಸನೆಗಳಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಗರ್ಭಸ್ಥ ಶಿಶುವನ್ನೂ ತಲುಪುತ್ತದೆ. ತಾಯಿ ಚೇತರಿಸಿಕೊಂಡ ಬಳಿಕವೂ ಶಿಶುವಿನ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಬಸಿರಿನಲ್ಲಿ ಸಹಜವೆಂದು ಕಡೆಗಣಿಸುವುದೂ ಇವನ್ನೇ! ಸ್ನಾನದ ವೇಳೆ ಹೀಗಾದರೆ ತಕ್ಷಣ ಹೊರಬಂದು ಆಸ್ಪತ್ರೆಗೆ ತೆರಳಬೇಕು. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇರುವುದೇ ಸರಿ.

ತೊಡಕುಗಳಿಲ್ಲದ ಗರ್ಭಿಣಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಮಂಜು ಕರಗಿ ಬಿಸಿಲೇರಿದ ಮೇಲಿನ ನಡಿಗೆ ಉತ್ತಮ. ನಡೆಯುತ್ತಲೇ ಮಾತನಾಡುವಂತಿದ್ದರೆ ವೇಗ ಸರಿಯಿದೆ ಎಂದರ್ಥ. ರಕ್ತಸ್ರಾವ, ಎದೆನೋವು, ನೀರು ಹೋಗುವುದು ಕಂಡುಬಂದರೆ ನಡಿಗೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಚಳಿಯಲ್ಲಿ ಬಾಯಾರಿಕೆ ತಿಳಿಯದು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು ಕಾಡಬಹುದು. ಚುಚ್ಚುಮದ್ದಿನ ರೂಪದ ಫ್ಲೂ ಲಸಿಕೆಯನ್ನು ಗರ್ಭಾವಸ್ಥೆಯ ಯಾವ ತಿಂಗಳಲ್ಲಾದರೂ ವೈದ್ಯರ ಸಲಹೆಯಂತೆ ಪಡೆಯಬಹುದು. ಜನನಾನಂತರದ ಮೊದಲ ತಿಂಗಳುಗಳಲ್ಲಿ ಅದು ಮಗುವಿಗೂ ರಕ್ಷಣೆ ನೀಡುತ್ತದೆ. ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ಗರ್ಭಿಣಿಯರಿಗೆ ಸಲ್ಲದು.