ಹೊಲಿದಿರಿಸಿದ ಓಲೆಗಳು

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಹಾವರ್ತ್ ಎಂಬುದು ಉಣ್ಣೆಗಿರಣಿಗಳ ಸಣ್ಣ ಊರಾಗಿತ್ತು. ಅಲ್ಲಿಯ ಪಾದ್ರಿಯ ಮಗಳು ಷಾರ್ಲಟ್ ಬ್ರಾಂಟಿಯು ಗೋರಿಗಳ ಮಗ್ಗುಲ ಮನೆಯಲ್ಲಿ, ತಾಯಿಯಿಲ್ಲದೆ ಬೆಳೆದವಳು. 1842ರಲ್ಲಿ ವ್ಯಾಸಂಗಕ್ಕೆಂದು ಬ್ರಸೆಲ್ಸಿಗೆ ಹೋದ ಆಕೆಯು ಗೃಹಸ್ಥನಾದ ಗುರು ಎಜೆಯಲ್ಲಿ ಮನಸ್ಸಿಟ್ಟಳು. 1844ರಲ್ಲಿ ಊರಿಗೆ ಮರಳಿದ ಮೇಲೆ ಅಂಚೆಯ ದಾರಿ ಕಾಯುವುದೊಂದೇ ಆಕೆಗುಳಿಯಿತು. ಆಕೆ ಬರೆದ ಓಲೆಗಳನ್ನು ಗುರುವು ಹರಿದು ಬಿಸುಟನೆಂದೂ, ಅವನ ಹೆಂಡತಿಯೇ ಚೂರುಗಳನ್ನಾಯ್ದು ಹೊಲಿದಿರಿಸಿದಳೆಂದೂ ಆ ಮನೆಯವರ ಹೇಳಿಕೆ. ಶಂಕೆಯಿಂದಲೋ, ಕರುಣೆಯಿಂದಲೋ! 1857ರಲ್ಲಿ ಷಾರ್ಲಟಳ ಚರಿತ್ರೆಯನ್ನು ಬರೆದ ಗ್ಯಾಸ್ಕೆಲ್ ಎಂಬಾಕೆಯು ಸಂಗತಿಯನ್ನರಿತೂ ಮುಚ್ಚಿದಳು; ನಾವದನ್ನು ದೂರಲಾರೆವು. 1913ರಲ್ಲಿ ಎಜೆಯ ಮಕ್ಕಳು ಉಳಿದಿದ್ದ ನಾಲ್ಕು ಓಲೆಗಳನ್ನು ಬ್ರಿಟಿಷ್ ಮ್ಯೂಸಿಯಮಿಗೆ ಒಪ್ಪಿಸಿದರು. ಕಡೆಯ ಓಲೆಯ ಅಂಚಿನಲ್ಲಿ ಜೋಡು ಹೊಲಿಯುವವನೊಬ್ಬನ ಹೆಸರು, ವಿಳಾಸಗಳನ್ನು ಸೀಸದಕಡ್ಡಿಯಿಂದ ಗುರುತು ಹಾಕಿದೆ.