ಮೂಡಬಿದಿರೆಯ ಸಚಿತ್ರ ತಾಳೆಗರಿ ಹಸ್ತಪ್ರತಿಗಳು

ಮೂಡಬಿದಿರೆಯ ಸಚಿತ್ರ ತಾಳೆಗರಿ ಹಸ್ತಪ್ರತಿಗಳು ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯಲ್ಲಿ ಸಂರಕ್ಷಿಸಲ್ಪಟ್ಟಿರುವ ದಿಗಂಬರ ಜೈನ ಸಿದ್ಧಾಂತ ಗ್ರಂಥಗಳ ಪ್ರತಿಗಳಾಗಿವೆ. ಧವಲಾ, ಜಯಧವಲಾ ಮತ್ತು ಮಹಾಧವಲಾ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಇವುಗಳಲ್ಲಿನ ಚಿತ್ರಗಳನ್ನು 12ನೆಯ ಶತಮಾನದ ಆದಿಭಾಗಕ್ಕೆ ಸೇರಿದವೆಂದು ಗುರುತಿಸಲಾಗಿದೆ. ಹೊಯ್ಸಳರ ಕಾಲದ ವರ್ಣಚಿತ್ರಗಳು ಅತಿ ವಿರಳವಾಗಿ ಉಳಿದಿರುವುದರಿಂದ ಕರ್ನಾಟಕದ ಚಿತ್ರಕಲೆಯ ಇತಿಹಾಸದಲ್ಲಿ ಇವುಗಳಿಗೆ ವಿಶೇಷ ಸ್ಥಾನವಿದೆ.

ಗ್ರಂಥಗಳು

ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಪ್ರಾಕೃತದಲ್ಲಿ ರಚಿಸಿದ ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ಧವಲಾ. ಆರನೆಯ ಖಂಡವಾದ ಮಹಾಬಂಧವು ಮಹಾಧವಲಾ ಎಂದು ಪರಿಚಿತವಾಗಿದೆ. ಗುಣಧರಾಚಾರ್ಯರ ಕಷಾಯಪಾಹುಡಕ್ಕೆ ವೀರಸೇನರು ಆರಂಭಿಸಿದ ಜಯಧವಲಾ ವ್ಯಾಖ್ಯಾನವನ್ನು ಅವರ ಶಿಷ್ಯ ಜಿನಸೇನರು ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಪ್ರಾಕೃತ ಹಾಗೂ ಸಂಸ್ಕೃತ ಮಿಶ್ರಿತವಾದ ಈ ವ್ಯಾಖ್ಯಾನಗಳನ್ನು ಹಸ್ತಪ್ರತಿಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಬರೆಯಲಾಗಿದೆ.

ಚಿತ್ರಗಳು

ತಾಳೆಗರಿಯು ಉದ್ದವಾಗಿದ್ದು ಅಗಲದಲ್ಲಿ ಕೆಲವೇ ಬೆರಳುಗಳಷ್ಟಿರುವುದರಿಂದ ಚಿತ್ರಕಾರನಿಗೆ ದೊರೆಯುವ ಸ್ಥಳ ಕಿರಿದು. ಗರಿಗಳನ್ನು ಪೋಣಿಸುವ ದಾರದ ರಂಧ್ರಗಳಿಗೂ ಎಡೆ ಬಿಡಬೇಕಾಗುತ್ತದೆ. ಈ ಮಿತಿಯೊಳಗೆ ತೀರ್ಥಂಕರರು, ಬಾಹುಬಲಿ, ಯಕ್ಷ-ಯಕ್ಷಿಯರು ಹಾಗೂ ಕೈಮುಗಿದ ಭಕ್ತರನ್ನು ಚಿತ್ರಿಸಲಾಗಿದೆ. ಹೂಬಳ್ಳಿಯಂತಹ ಅಲಂಕಾರಗಳೂ ಇವೆ.

ಕರ್ಮಸಿದ್ಧಾಂತವನ್ನು ವಿವೇಚಿಸುವ ಈ ಗ್ರಂಥಗಳಲ್ಲಿ ಚಿತ್ರಿಸಬಹುದಾದ ಕಥಾಪ್ರಸಂಗಗಳಿಲ್ಲ. ಆದುದರಿಂದ ಇಲ್ಲಿನ ಚಿತ್ರಗಳು ಪಠ್ಯವನ್ನು ವಿವರಿಸುವುದಿಲ್ಲ. ಪೂಜ್ಯವಾದ ಶಾಸ್ತ್ರಕ್ಕೆ ಸಲ್ಲಿಸಿದ ಗೌರವದ ರೂಪದಲ್ಲಿವೆ. ಶಾಸ್ತ್ರವನ್ನು ಪ್ರತಿಮಾಡಿಸಿ ಮುನಿಗಳಿಗೆ ಅರ್ಪಿಸುವ ಶಾಸ್ತ್ರದಾನವು ಜೈನ ಗೃಹಸ್ಥರಿಗೆ ಪುಣ್ಯಕಾರ್ಯವಾಗಿತ್ತು.

ಸಂರಕ್ಷಣೆ ಮತ್ತು ಪ್ರಕಟಣೆ

ಈ ಪ್ರತಿಗಳು ಶತಮಾನಗಳ ಕಾಲ ಸಿದ್ಧಾಂತ ಬಸದಿಯಲ್ಲಿ ಅಧ್ಯಯನಕ್ಕಿಂತ ಹೆಚ್ಚಾಗಿ ದರ್ಶನಕ್ಕೂ ಪೂಜೆಗೂ ಮೀಸಲಾಗಿದ್ದವು. ಆ ಭಕ್ತಿಯೇ ಅವುಗಳನ್ನು ಉಳಿಸಿತು. ಆದರೆ ವಿದ್ವಾಂಸರಿಗೆ ಅವು ದೀರ್ಘಕಾಲ ದೊರೆಯದಿರಲೂ ಅದೇ ಕಾರಣವಾಯಿತು. 19ನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯ ಆರಂಭವಾಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ 16 ಸಂಪುಟಗಳಲ್ಲಿ ಮುದ್ರಣಗೊಂಡಿತು. ಮುದ್ರಣದಿಂದ ಪಠ್ಯವು ಸುರಕ್ಷಿತವಾದರೂ ಚಿತ್ರಗಳ ಉಳಿವು ಇಂದಿಗೂ ಮೂಲ ಗರಿಗಳನ್ನೇ ಅವಲಂಬಿಸಿದೆ. ತೇವ, ಕೀಟ ಮತ್ತು ಗರಿಯ ಬಿರುಕುಗಳಿಂದ ಬಣ್ಣದ ಪದರಕ್ಕೆ ಹಾನಿಯಾಗುವ ಸಂಭವವಿರುವುದರಿಂದ ಇಂತಹ ಪ್ರತಿಗಳಿಗೆ ನಿರಂತರ ಆರೈಕೆ ಅಗತ್ಯ.