ಉಪ್ಪುನೀರಿನ ನಡುವೆ ಒಂದು ಗೋಡೆ

ಒಂದು ಲೋಟ ಉಪ್ಪುನೀರಿಗೆ ಚಿಟಿಕೆ ಅರಿಸಿನ ಬೆರೆಸಿ, ಬ್ಯಾಟರಿಗೆ ಜೋಡಿಸಿದ ಎರಡು ಪೆನ್ಸಿಲ್ ಕಡ್ಡಿಗಳನ್ನು ಇಳಿಬಿಡಿ. ಸ್ವಲ್ಪ ಹೊತ್ತಿಗೆ ಋಣ ತುದಿಯ ಸುತ್ತ ನೀರು ಓಕುಳಿಯಂತೆ ಕೆಂಪಾಗುತ್ತದೆ. ಸುಣ್ಣವಿಲ್ಲದೆ ಬಂದ ಈ ಕೆಂಪು, ಅಲ್ಲಿ ಕಾಸ್ಟಿಕ್ ಸೋಡಾ ಹುಟ್ಟಿದ ಗುರುತು. ಧನ ತುದಿಯಲ್ಲಿ ಕ್ಲೋರಿನ್ನಿನ ಘಾಟು. ನೀರನ್ನು ಕಲಕಿದರೆ ಎರಡೂ ಕೂಡಿ ಬ್ಲೀಚ್ ಆಗಿ, ಬಣ್ಣವೇ ಮಾಸತೊಡಗುತ್ತದೆ. ಉಪ್ಪನ್ನು ಒಡೆಯುವುದು ಸುಲಭ; ಒಡೆದದ್ದು ಮತ್ತೆ ಕೂಡದಂತೆ ನೋಡಿಕೊಳ್ಳುವುದೇ ಕಷ್ಟ. ಈ ಉದ್ಯಮದ ಚರಿತ್ರೆಯೆಂದರೆ ನಡುವೆ ಕಟ್ಟಿದ ಗೋಡೆಗಳ ಚರಿತ್ರೆ.

ವಿಲಿಯಂ ಕ್ರುಕ್‌ಶ್ಯಾಂಕ್ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದ್ದು 1800ರಲ್ಲೇ. ಆದರೆ ಡೈನಮೊ ಬರುವತನಕ ವಿದ್ಯುತ್ತು ಕಾರ್ಖಾನೆಗೆ ನಿಲುಕುವಂತಿರಲಿಲ್ಲ. ಸೋಡಾ ಬೂದಿಯನ್ನು ಸುಣ್ಣದ ಜೊತೆ ಕುದಿಸಿಯೇ ಕಾಸ್ಟಿಕ್ ಮಾಡುತ್ತಿದ್ದರು. 1890ರ ಆಸುಪಾಸಿಗೆ ಜರ್ಮನಿಯ ಗ್ರೀಸ್‌ಹೈಮ್‌ನಲ್ಲಿ ಸಣ್ಣ ರಂಧ್ರಗಳ ಸಿಮೆಂಟ್ ಗೋಡೆಯ ತೊಟ್ಟಿಗಳು ಬಂದವು. ಮುಂದೆ ಸಿಮೆಂಟಿನ ಜಾಗಕ್ಕೆ ಕಲ್ನಾರು ಬಂತು. ಈ ಗೋಡೆ ಉಪ್ಪುನೀರನ್ನೂ ದಾಟಲು ಬಿಡುತ್ತಿತ್ತು. ಹೀಗಾಗಿ ಸಿಗುತ್ತಿದ್ದುದು ಶೇ. 10–12ರ ಕಾಸ್ಟಿಕ್, ಜೊತೆಗೆ ಅದಕ್ಕೂ ಹೆಚ್ಚು ಉಪ್ಪು. ಅದನ್ನು ಶೇ. 50ಕ್ಕೆ ಇಂಗಿಸಲು ಉಗಿಯ ಖರ್ಚು ಬೇರೆ.

1892ರಲ್ಲಿ ರಸಾಯನವಿಜ್ಞಾನಿಗಳಾದ ಕ್ಯಾಸ್ಟ್ನರ್ ಮತ್ತು ಕೆಲ್ನರ್, ಒಬ್ಬರಿಗೊಬ್ಬರು ತಿಳಿಯದೆ, ಹರಿಯುವ ಗೋಡೆಯೊಂದನ್ನು ಕಂಡುಕೊಂಡರು: ಪಾದರಸ. ಸೋಡಿಯಂ ಅದರಲ್ಲಿ ಕರಗಿ ಪಕ್ಕದ ಕೋಣೆಗೆ ಹರಿಯುತ್ತದೆ. ಅಲ್ಲಿ ನೀರು ಸೇರಿದೊಡನೆ ಶೇ. 50ರ ಶುದ್ಧ ಕಾಸ್ಟಿಕ್. ಕ್ಲೋರಿನ್ ಹಿಂದಿನ ಕೋಣೆಯಲ್ಲೇ ಉಳಿಯುತ್ತದೆ. ಉಪ್ಪಿಲ್ಲದ ಈ ಸರಕನ್ನು ರೇಯಾನ್ ಗಿರಣಿಗಳು ಬಯಸಿದವು.

ಆದರೆ ಹರಿಯುವ ಗೋಡೆ ಸೋರುವ ಗೋಡೆಯೂ ಹೌದು. 1962ರಿಂದ 1970ರವರೆಗೆ ಕೆನಡಾದ ಡ್ರೈಡನ್‌ನ ಕಾರ್ಖಾನೆಯೊಂದರಿಂದ ಸುಮಾರು 9 ಟನ್ ಪಾದರಸ ವಾಬಿಗೂನ್ ನದಿಗೆ ಸೇರಿತು. ಕೆಳಗಿನ ಗ್ರಾಸಿ ನ್ಯಾರೋಸ್‌ನ ಮೂಲನಿವಾಸಿಗಳಿಗೆ ಮೀನೇ ವಿಷವಾಯಿತು. ಜಪಾನಿನ ಮಿನಮಾಟಾದ ವಿಷ ಬೇರೆ ಬಗೆಯ ಕಾರ್ಖಾನೆಯದು, ಅಸಿಟಾಲ್ಡಿಹೈಡ್ ಮಾಡುವಂಥದ್ದು. ಆದರೂ ಆ ನೋವನ್ನುಂಡ ದೇಶ 1973ರಲ್ಲಿ ಪಾದರಸದ ತೊಟ್ಟಿಗಳನ್ನು ಕೈಬಿಡಲು ನಿರ್ಧರಿಸಿತು.

ಮೂರನೆಯ ಗೋಡೆ ಎದ್ದದ್ದೂ ಅಲ್ಲೇ. ಅಮೆರಿಕದ ಡ್ಯೂಪಾಂಟ್ ಕಂಪನಿ ರೂಪಿಸಿದ ನೇಫಿಯಾನ್ ಪೊರೆಯ ಜಾಡು ಹಿಡಿದು, 1975ರಲ್ಲಿ ಅಸಾಹಿ ಕೆಮಿಕಲ್ ಕಂಪನಿ ನೊಬೆಯೊಕಾದಲ್ಲಿ ಪೊರೆಯ ಕಾರ್ಖಾನೆ ಆರಂಭಿಸಿತು. ಪೊರೆಗೆ ಅಂಟಿದ ಋಣ ವಿದ್ಯುದಂಶ ಸೋಡಿಯಂ ಅಯಾನಿಗೆ ದಾರಿ ಬಿಟ್ಟು, ಕ್ಲೋರೈಡನ್ನು ಹಿಂದಕ್ಕೆ ತಳ್ಳುತ್ತದೆ. ಸಿಗುವುದು ಶೇ. 32ರ ಕಾಸ್ಟಿಕ್, ವಿದ್ಯುತ್ತಿನ ಖರ್ಚೂ ಪಾದರಸದ ತೊಟ್ಟಿಗಿಂತ ಕಡಿಮೆ. ಆದರೆ ಪೊರೆಗೆ ಮಡಿ ಹೆಚ್ಚು. ಉಪ್ಪಿನೊಡನೆ ಬರುವ ಕ್ಯಾಲ್ಸಿಯಂ, ಮೆಗ್ನೀಸಿಯಂ 100 ಕೋಟಿಯಲ್ಲಿ ಕೆಲವು ಹತ್ತು ಭಾಗ ಮೀರಿದರೂ ಅದರ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಭಾರತದ ಕಾರ್ಖಾನೆಗಳು 2003ರ ಸನ್ನದಿನಲ್ಲಿ 2012ರೊಳಗೆ ಪಾದರಸ ಬಿಡಲು ಒಪ್ಪಿದವು. ಯುರೋಪ್ ಒಕ್ಕೂಟದ ಗಡುವು 2017, ಪಾದರಸ ಕುರಿತ ಜಾಗತಿಕ ಮಿನಮಾಟಾ ಒಪ್ಪಂದದ್ದು 2025.

ಹೀಗೆ ತೊಟ್ಟಿಯೊಳಗೆ ಜಗಳ ಬಗೆಹರಿದಿದೆ. ಪೇಟೆಯಲ್ಲಿ ನಂಟು ಬಿಟ್ಟಿಲ್ಲ. 1 ಟನ್ ಕ್ಲೋರಿನ್ ಹುಟ್ಟಿದರೆ ಸುಮಾರು 1.1 ಟನ್ ಕಾಸ್ಟಿಕ್ ಹುಟ್ಟಲೇಬೇಕು. ಪಿವಿಸಿ ಪೈಪಿಗೆ ಗಿರಾಕಿ ಕುಗ್ಗಿದರೆ, ಬಹುಕಾಲ ಕೂಡಿಡಲಾಗದ ಕ್ಲೋರಿನ್ನಿನ ದೆಸೆಯಿಂದ ತೊಟ್ಟಿಗಳು ನಿಧಾನವಾಗುತ್ತವೆ. ಆಗ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ಬೆಳಗಾವಿಯಂಥ ಊರಿಗೂ ಕಾಸ್ಟಿಕ್ ತುಟ್ಟಿಯಾಗಬಹುದು. ಈ ಜೋಡಿಯ ಲೆಕ್ಕವನ್ನು ಬೇರೆ ಮಾಡುವ ಪೊರೆ ಇಲ್ಲ.